ಸ್ಟಾರ್‌ಬೋರ್ಡ್ ಎಂದರೆ ಯಾವ ಕಡೆ?

ಇಂಗ್ಲಿಷ್ ನಿಘಂಟನ್ನು ತೆರೆದು 'ಸ್ಟಾರ್‌ಬೋರ್ಡ್' ಎಂಬ ಮಾತಿಗೆ ಅರ್ಥ ಹುಡುಕಿದರೆ 'ಹಡಗಿನ ಬಲಮಗ್ಗುಲು' ಎಂದು ಎರಡೇ ಮಾತಿನಲ್ಲಿ ಮುಗಿಸಿರುತ್ತದೆ. 'ಪೋರ್ಟ್' ಎಂಬ ಮಾತಿನ ಹಲವು ಅರ್ಥಗಳ ನಡುವೆ 'ಹಡಗಿನ ಎಡಮಗ್ಗುಲು' ಎಂಬುದೂ ಒಂದು ಮೂಲೆಯಲ್ಲಿ ಕುಳಿತಿರುತ್ತದೆ. ಓದಿದವರಿಗೆ ಸಹಜವಾಗಿಯೇ ಒಂದು ಸಂದೇಹ ಬರುತ್ತದೆ. ಬಲಕ್ಕೆ ರೈಟ್, ಎಡಕ್ಕೆ ಲೆಫ್ಟ್ ಎಂಬ ಚಿಕ್ಕ ಚೊಕ್ಕ ಮಾತುಗಳು ಆ ಭಾಷೆಯಲ್ಲಿಯೇ ಇರುವಾಗ ಹಡಗಿನವರಿಗೆ ಮಾತ್ರ ಈ ಬೇರೆ ಮಾತುಗಳೇಕೆ? ಕಸುಬಿನವರು ಹೊರಗಿನವರಿಗೆ ತಿಳಿಯದ ಹಾಗೆ ಮಾತನಾಡುವುದು ಎಲ್ಲ ಕಡೆಯೂ ಉಂಟು. ವಕೀಲರು ಹಾಗೆ ಮಾತನಾಡುತ್ತಾರೆ, ವೈದ್ಯರು ಮಾತನಾಡುತ್ತಾರೆ. ದನದ ಜಾತ್ರೆಯ ದಲ್ಲಾಳಿಗಳಂತೂ ಕೈಯ ಮೇಲೆ ವಲ್ಲಿ ಹೊದಿಸಿಕೊಂಡು ಬೆರಳಿನಲ್ಲೇ ವ್ಯಾಪಾರ ಮುಗಿಸುತ್ತಾರೆ. ನಾವಿಕರ ಈ ಮಾತೂ ಅಂಥದೇ ಒಂದು ಬಿಂಕವೆ?

ಅಲ್ಲ. ಇದರ ಹಿಂದೆ ಬಲವಾದ ಕಾರಣವಿದೆ.

ಎಡ, ಬಲ ಎಂಬ ಮಾತುಗಳು ಆಡುವವನ ಮೈಗೆ ಅಂಟಿಕೊಂಡಂಥವು. ನಾನು ತಿರುಗಿ ನಿಂತರೆ ನನ್ನ ಬಲವೂ ನನ್ನೊಡನೆ ತಿರುಗುತ್ತದೆ. ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬರ ಬಲ ಇನ್ನೊಬ್ಬರ ಎಡ. ಮೂಡಣ, ಪಡುವಣ, ತೆಂಕಣ, ಬಡಗಣ ಹಾಗಲ್ಲ. ಅವು ನೆಲಕ್ಕೆ ಅಂಟಿಕೊಂಡವು. ನಾವು ಎತ್ತ ತಿರುಗಿದರೂ ಸೂರ್ಯ ಮೂಡುವ ಕಡೆ ಮೂಡಣವೇ. ಈ ಎರಡು ಬಗೆಯ ಮಾತುಗಳಲ್ಲಿ ನಮ್ಮ ದಿನದ ಸಂಸಾರ ನಡೆದುಹೋಗುತ್ತದೆ. ಆದರೆ ಕೆಲವು ಸಂದರ್ಭಗಳಲ್ಲಿ ಮೂರನೆಯದೊಂದು ಬಗೆ ಬೇಕಾಗುತ್ತದೆ: ನೆಲಕ್ಕೂ ಅಂಟದೆ, ಆಡುವವನ ಮೈಗೂ ಅಂಟದೆ, ಯಾವ ವಸ್ತುವಿನ ವಿಚಾರ ಮಾತನಾಡುತ್ತಿದ್ದೇವೋ ಆ ವಸ್ತುವಿಗೇ ಅಂಟಿಕೊಂಡ ಎಡಬಲ.

ಇದು ನಮಗೆ ಹೊಸದೇನೂ ಅಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ, ಭದ್ರೆಯ ಬಲದಂಡೆ ಕಾಲುವೆ ಎಂದು ನಾವು ಹೇಳುತ್ತೇವಷ್ಟೆ. ಅದು ಯಾರ ಎಡ, ಯಾರ ಬಲ? ಅಣೆಕಟ್ಟನ್ನು ನೋಡಲು ಹೋದ ಪ್ರವಾಸಿಗನದಲ್ಲ, ನದಿಯದು. ನೀರು ಹರಿದುಹೋಗುವ ದಿಕ್ಕಿಗೆ ಮುಖಮಾಡಿ ನಿಂತರೆ ಯಾವುದು ಬಲಗೈ ಕಡೆ ಬರುತ್ತದೋ ಅದು ಬಲದಂಡೆ. ಕೆಳಗಿನಿಂದ ಅಣೆಕಟ್ಟಿನ ಕಡೆಗೆ ನೋಡುತ್ತ ನಿಂತವನಿಗೆ ಬಲದಂಡೆ ಎಡಗಡೆ ಕಂಡರೆ ಅದು ನದಿಯ ತಪ್ಪಲ್ಲ. ಹಾಗೆಯೇ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ 'ಬಲಗಣ್ಣು' ಎಂದರೆ ರೋಗಿಯ ಬಲಗಣ್ಣೇ ಹೊರತು ತಮ್ಮ ಬಲಗೈಗೆ ಎದುರಾಗಿ ಕಾಣುವ ಕಣ್ಣಲ್ಲ. ಅಲ್ಲಿ ಅದಲುಬದಲಾದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಡಗಿನದೂ ಇದೇ ಕಥೆ. ಅದರ ಮೇಲೆ ಒಬ್ಬನು ಮೂತಿಯ ಕಡೆ ನೋಡುತ್ತ ನಿಂತಿದ್ದರೆ, ಇನ್ನೊಬ್ಬನು ಹಿಂದಕ್ಕೆ ಮುಖಮಾಡಿ ಹಗ್ಗ ಎಳೆಯುತ್ತಿರುತ್ತಾನೆ. ಮತ್ತೊಬ್ಬನು ಕಂಬದ ಮೇಲೆ ಹಾಯಿಗೆ ಜೋತುಬಿದ್ದಿರುತ್ತಾನೆ. ಗಾಳಿ ಅರಚುತ್ತಿರುವಾಗ ಕಪ್ತಾನನು 'ಬಲಗಡೆ' ಎಂದು ಕೂಗಿದರೆ ಪ್ರತಿಯೊಬ್ಬನೂ ತನ್ನ ಬಲವನ್ನು ಹುಡುಕಿಕೊಂಡು ಹೋಗುತ್ತಾನೆ. 'ಸ್ಟಾರ್‌ಬೋರ್ಡ್' ಎಂದು ಕೂಗಿದರೆ ಆ ಗೊಂದಲವಿಲ್ಲ. ಹಿಂಭಾಗದಿಂದ ಮೂತಿಯ ಕಡೆಗೆ ನೋಡಿದಾಗ ಬಲಕ್ಕೆ ಬರುವ ಮಗ್ಗುಲು ಯಾವುದೋ ಅದು ಸ್ಟಾರ್‌ಬೋರ್ಡ್. ನಾವಿಕನು ಎತ್ತ ತಿರುಗಿ ನಿಂತಿದ್ದರೂ, ತಲೆಕೆಳಗಾಗಿ ನೇತಾಡುತ್ತಿದ್ದರೂ, ಅದು ಬದಲಾಗುವುದಿಲ್ಲ.

ಇನ್ನು ಈ ಹೆಸರು ಬಂದದ್ದು ಎಲ್ಲಿಂದ? 'ಸ್ಟಾರ್' ಎಂದರೆ ನಕ್ಷತ್ರ, ನಾವಿಕರು ನಕ್ಷತ್ರ ನೋಡಿ ದಾರಿ ಹಿಡಿಯುತ್ತಿದ್ದರು, ಆದುದರಿಂದ ಸ್ಟಾರ್‌ಬೋರ್ಡ್ ಎಂದು ಊಹಿಸುವವರುಂಟು. ಊಹೆ ಸೊಗಸಾಗಿದೆ, ನಿಜವಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದು 'ಸ್ಟೇಯೋರ್‌ಬೋರ್ಡ್'. ಮೊದಲ ಭಾಗಕ್ಕೆ ದೋಣಿಯನ್ನು ತಿರುಗಿಸುವ ಸಾಧನವೆಂದು ಅರ್ಥ. ಇಂದಿನ ಇಂಗ್ಲಿಷಿನ 'ಸ್ಟಿಯರಿಂಗ್' ಎಂಬ ಮಾತು ಇದರ ಬಳಗದ್ದೇ. 'ಬೋರ್ಡ್' ಎಂದರೆ ಹಡಗಿನ ಮಗ್ಗುಲು. ಉತ್ತರ ಯೂರೋಪಿನ ಹಳೆಯ ಹಡಗುಗಳಿಗೆ ಈಗಿನಂತೆ ಹಿಂಭಾಗದ ನಡುವೆ ಚುಕ್ಕಾಣಿ ಇರಲಿಲ್ಲ. ಅಗಲವಾದ ದೊಡ್ಡ ಹುಟ್ಟೊಂದನ್ನು ಹಿಂಬದಿಯ ಬಲಮಗ್ಗುಲಿಗೆ ಕಟ್ಟಿರುತ್ತಿದ್ದರು. ಜನರಲ್ಲಿ ಬಲಗೈ ಬಳಸುವವರೇ ಹೆಚ್ಚು. ಆದುದರಿಂದ ಆ ಮಗ್ಗುಲು. ನಾರ್ವೆಯಲ್ಲಿ 1880ರಲ್ಲಿ ಗೋಕ್‌ಸ್ಟಾಡ್ ಎಂಬಲ್ಲಿ ಒಂದು ದಿಬ್ಬವನ್ನು ಅಗೆದಾಗ ವೈಕಿಂಗರ ಕಾಲದ ಒಂದು ಹಡಗು ಸಿಕ್ಕಿತು. ಸುಮಾರು ಸಾವಿರದ ನೂರು ವರ್ಷದ ಹಿಂದಿನದು. ಅದರ ಚುಕ್ಕಾಣಿ ಹುಟ್ಟು ಇರುವುದೂ ಬಲಮಗ್ಗುಲಿನಲ್ಲಿಯೇ.

ನಮ್ಮಲ್ಲಿ 'ಬಲ' ಎಂಬ ಒಂದೇ ಮಾತು ಶಕ್ತಿಗೂ ಸಲ್ಲುತ್ತದೆ, ಬಲಗಡೆಗೂ ಸಲ್ಲುತ್ತದೆ. ಬಲಗೈಯೇ ಮೇಲುಗೈ ಎಂದು ಒಪ್ಪಿಕೊಂಡವರು ನಾವು ಮಾತ್ರವಲ್ಲವೆಂದಾಯಿತು. ಎಡಚರು ಮುನಿಸಿಕೊಳ್ಳಬಾರದು.

ಎಡಮಗ್ಗುಲಿನ ಹೆಸರಿನ ಕಥೆ ಇದಕ್ಕಿಂತ ತೊಡಕಿನದು. ಮೊದಲು ಅದಕ್ಕೆ 'ಬೆನ್ನಿನ ಮಗ್ಗುಲು' ಎಂಬರ್ಥದ ಹೆಸರಿತ್ತು. ಬಲಕ್ಕೆ ಕಟ್ಟಿದ ಹುಟ್ಟನ್ನು ಹಿಡಿದು ನಿಂತವನ ಬೆನ್ನು ಎಡಕ್ಕೆ ತಿರುಗಿರುತ್ತದಲ್ಲವೆ? ಜರ್ಮನ್ ಭಾಷೆಯಲ್ಲಿ ಇಂದಿಗೂ ಎಡಮಗ್ಗುಲಿಗೆ 'ಬಾಕ್‌ಬೋರ್ಡ್' ಎಂದೇ ಹೆಸರು. ಫ್ರೆಂಚರ 'ಬಾಬೋರ್' ಅದರ ಇನ್ನೊಂದು ರೂಪ. ಇಂಗ್ಲಿಷರು ಮಾತ್ರ ಈ ಮಾತನ್ನು ಕೈಬಿಟ್ಟು ಬೇರೊಂದನ್ನು ಹಿಡಿದರು. ಬಲಮಗ್ಗುಲಿನಲ್ಲಿ ಹುಟ್ಟು ನೇತಾಡುತ್ತಿರುವಾಗ ಆ ಕಡೆಯನ್ನು ದಕ್ಕೆಗೆ ಒತ್ತಿ ನಿಲ್ಲಿಸಿದರೆ ಹುಟ್ಟು ಜಜ್ಜಿಹೋಗುತ್ತದೆ. ಆದುದರಿಂದ ಎಡಮಗ್ಗುಲನ್ನು ದಡಕ್ಕೆ ಕೊಟ್ಟು ಸರಕು ತುಂಬುತ್ತಿದ್ದರು. ಹೀಗೆ ಅದು ಸರಕು ಹೇರುವ ಮಗ್ಗುಲೆಂಬ ಅರ್ಥದಲ್ಲಿ 'ಲಾಡ್‌ಬೋರ್ಡ್' ಆಯಿತೆಂದು ಬಲ್ಲವರ ಅಭಿಪ್ರಾಯ. ಬರುಬರುತ್ತ, ಸ್ಟಾರ್‌ಬೋರ್ಡಿನ ಜೊತೆಗಿದ್ದು ಇದ್ದು, ಪ್ರಾಸದ ಮೋಹಕ್ಕೆ ಬಿದ್ದಂತೆ 'ಲಾರ್‌ಬೋರ್ಡ್' ಎಂದು ತಿರುಗಿತು.

ಪ್ರಾಸ ಪದ್ಯಕ್ಕೆ ಅಂದ, ಹಡಗಿಗೆ ಅಪಾಯ. ಸ್ಟಾರ್‌ಬೋರ್ಡ್, ಲಾರ್‌ಬೋರ್ಡ್! ಸುಮ್ಮನೆ ಕೋಣೆಯೊಳಗೆ ಕುಳಿತು ಹೇಳಿಕೊಂಡರೇ ಒಂದರ ಹಾಗೆ ಇನ್ನೊಂದು ಕೇಳುತ್ತದೆ. ಅಲೆ ಅಪ್ಪಳಿಸುತ್ತ, ಹಗ್ಗಗಳು ಕಿರುಗುಟ್ಟುತ್ತ, ಅರ್ಧ ಮಾತನ್ನು ಗಾಳಿ ಎತ್ತಿಕೊಂಡುಹೋಗುವಾಗ ಕಿವಿಗೆ ಮುಟ್ಟುವುದು ಕೊನೆಯ 'ಬೋರ್ಡ್' ಮಾತ್ರ. ಅದು ಎರಡಕ್ಕೂ ಸಮಾನ. ಎದುರಿಗೆ ಬಂಡೆ ಇರುವಾಗ 'ಏನೆಂದಿರಿ?' ಎಂದು ಕೇಳುವಷ್ಟು ಬಿಡುವಿರುವುದಿಲ್ಲ. ಇದನ್ನು ಕಂಡುಕೊಂಡಿದ್ದ ನಾವಿಕರು ಚುಕ್ಕಾಣಿಯವನಿಗೆ ಅಪ್ಪಣೆ ಕೊಡುವಾಗ ಹದಿನೇಳನೆಯ ಶತಮಾನದಷ್ಟು ಹಿಂದೆಯೇ 'ಪೋರ್ಟ್' ಎಂಬ ಬೇರೆ ಮಾತನ್ನು ಬಳಸತೊಡಗಿದ್ದರು. ಬಂದರಿಗೆ ಒರಗುವ ಮಗ್ಗುಲು ಎಂದೋ, ಸರಕು ತುಂಬುವ ಕಿಂಡಿಯಿರುವ ಮಗ್ಗುಲು ಎಂದೋ ಅದರ ಅರ್ಥ. ಆದರೂ ಹಳೆಯ ಮಾತು ಪೂರ್ತಿಯಾಗಿ ಸಾಯಲಿಲ್ಲ. ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾದಳದ ಆಡಳಿತವು ಇನ್ನು ಮುಂದೆ 'ಲಾರ್‌ಬೋರ್ಡ್' ಎನ್ನಬಾರದು, 'ಪೋರ್ಟ್' ಎಂದೇ ಎನ್ನಬೇಕು ಎಂದು ಅಪ್ಪಣೆ ಹೊರಡಿಸಿತು. ಎರಡು ವರ್ಷದ ಮೇಲೆ, 1846ರಲ್ಲಿ, ಅಮೆರಿಕದ ನೌಕಾದಳವೂ ಅದನ್ನೇ ಮಾಡಿತು. ಸರ್ಕಾರದ ಆಜ್ಞೆಯಿಂದ ಒಂದು ಮಾತು ನಿಜವಾಗಿಯೂ ಬಳಕೆಯಿಂದ ಹೋದ ಉದಾಹರಣೆಗಳು ಭಾಷೆಗಳ ಚರಿತ್ರೆಯಲ್ಲಿ ಬಹಳವಿಲ್ಲ. ಇದು ಹೋಯಿತು, ಏಕೆಂದರೆ ಇಲ್ಲಿ ಆಜ್ಞೆಯ ಹಿಂದೆ ಪ್ರಾಣಭಯವಿತ್ತು.

ಮಾತಿನ ಸದ್ದಿನ ತೊಡಕು ಹೀಗೆ ತೀರಿತು. ಅರ್ಥದ ತೊಡಕು ಇನ್ನೂ ತೊಂಬತ್ತು ವರ್ಷ ಉಳಿಯಿತು. ಇದು ನನ್ನ ಮಟ್ಟಿಗೆ ಈ ಮಾತಿನ ಇತಿಹಾಸದಲ್ಲಿಯೇ ಅತ್ಯಂತ ವಿಚಿತ್ರವಾದ ಭಾಗ.

ಚಿಕ್ಕ ದೋಣಿಯ ಚುಕ್ಕಾಣಿಯನ್ನು ನೋಡಿದವರಿಗೆ ಗೊತ್ತು: ನೀರಿನಲ್ಲಿ ಮುಳುಗಿದ ಹಲಗೆಗೆ ಮೇಲುಗಡೆ ಒಂದು ಹಿಡಿ ಇರುತ್ತದೆ, ಅದು ದೋಣಿಯ ಒಳಕ್ಕೆ ಚಾಚಿಕೊಂಡಿರುತ್ತದೆ. ಆ ಹಿಡಿಯನ್ನು ಬಲಕ್ಕೆ ತಳ್ಳಿದರೆ ನೀರಿನೊಳಗಿನ ಹಲಗೆ ಎಡಕ್ಕೆ ವಾಲುತ್ತದೆ. ದೋಣಿಯ ಮೂತಿಯೂ ಎಡಕ್ಕೇ ತಿರುಗುತ್ತದೆ. ಅಂದರೆ ಹಿಡಿ ಹೋದ ಕಡೆಗೆ ದೋಣಿ ಹೋಗುವುದಿಲ್ಲ. ಅದರ ವಿರುದ್ಧಕ್ಕೆ ಹೋಗುತ್ತದೆ. ಹಳೆಯ ಕಾಲದ ಅಪ್ಪಣೆಗಳೆಲ್ಲ ಈ ಹಿಡಿಯನ್ನು ಕುರಿತು ಇದ್ದಂಥವು. 'ಸ್ಟಾರ್‌ಬೋರ್ಡ್' ಎಂದು ಅಧಿಕಾರಿ ಕೂಗಿದರೆ, ಹಿಡಿಯನ್ನು ಬಲಕ್ಕೆ ತಳ್ಳು, ಹಡಗನ್ನು ಎಡಕ್ಕೆ ತಿರುಗಿಸು ಎಂದು ಅರ್ಥ. ಹಿಡಿ ಇದ್ದಷ್ಟು ಕಾಲ ಇದರಲ್ಲಿ ತೊಂದರೆಯೇನಿಲ್ಲ. ಕೈಗೆ ಹೇಳಿದ ಮಾತನ್ನು ಕೈ ಮಾಡುತ್ತದೆ. ಆದರೆ ಹದಿನೆಂಟನೆಯ ಶತಮಾನದಲ್ಲಿ ದೊಡ್ಡ ಹಡಗುಗಳಿಗೆ ಹಿಡಿಯ ಬದಲು ಚಕ್ರ ಬಂತು. ಮುಂದೆ ಉಗಿಹಡಗುಗಳ ಕಾಲದಲ್ಲಿ ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಹಡಗು ಎಡಕ್ಕೆ ತಿರುಗುವಂತೆ ಅಳವಡಿಸಿದರು, ನಮ್ಮ ಮೋಟಾರಿನ ಹಾಗೆ. ಕಣ್ಣಿಗೆ ಕಾಣುವಂತೆ ಹಿಡಿಯೇ ಇಲ್ಲ. ಆದರೂ ಅಪ್ಪಣೆ ಮಾತ್ರ ಇಲ್ಲದ ಆ ಹಿಡಿಗೇ ಹೋಗುತ್ತಿತ್ತು! 'ಸ್ಟಾರ್‌ಬೋರ್ಡ್' ಎಂದು ಕಿವಿಗೆ ಬಿದ್ದ ತಕ್ಷಣ ಚುಕ್ಕಾಣಿಯವನು ಚಕ್ರವನ್ನು ಎಡಕ್ಕೆ ತಿರುಗಿಸಬೇಕು. ಹಡಗು ಎಡಕ್ಕೆ ಹೋಗಬೇಕು. ಬಲ ಎಂದರೆ ಎಡ.

1912ನೆಯ ಏಪ್ರಿಲ್ 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಟೈಟಾನಿಕ್ ಹಡಗಿನ ಮುಂದೆ ಹಿಮದ ಗುಡ್ಡ ಕಂಡಾಗ, ಕಾವಲಿನಲ್ಲಿದ್ದ ಅಧಿಕಾರಿ ವಿಲಿಯಂ ಮರ್ಡಾಕ್ ಕೊಟ್ಟ ಅಪ್ಪಣೆ ಚುಕ್ಕಾಣಿಯನ್ನು ಪೂರ್ತಿಯಾಗಿ ಸ್ಟಾರ್‌ಬೋರ್ಡಿಗೆ ಹಾಕುವುದು. ಚಕ್ರ ಹಿಡಿದಿದ್ದ ರಾಬರ್ಟ್ ಹಿಚೆನ್ಸ್ ಅದನ್ನು ಎಡಕ್ಕೆ ತಿರುಗಿಸಿದ. ಹಡಗಿನ ಮೂತಿಯೂ ಎಡಕ್ಕೆ ಹೊರಳಿತು. ಗುಡ್ಡವು ಬಲಮಗ್ಗುಲನ್ನು ತಿಕ್ಕಿಕೊಂಡು ಹೋಯಿತು. ಮುಂದಿನದು ಎಲ್ಲರಿಗೂ ತಿಳಿದದ್ದೇ: ಎರಡು ಗಂಟೆ ನಲವತ್ತು ನಿಮಿಷದಲ್ಲಿ ಹಡಗು ಮುಳುಗಿತು, ಸುಮಾರು ಒಂದೂವರೆ ಸಾವಿರ ಜನ ಸತ್ತರು. 1997ರಲ್ಲಿ ಬಂದ ಚಲನಚಿತ್ರವನ್ನು ನೋಡಿ, ಅಧಿಕಾರಿ ಕೂಗಿದ್ದು ಒಂದು, ಹಡಗು ತಿರುಗಿದ್ದು ಇನ್ನೊಂದು, ಚಿತ್ರದವರು ತಪ್ಪು ಮಾಡಿದ್ದಾರೆ ಎಂದು ಆಕ್ಷೇಪಿಸಿದವರುಂಟು. ಚಿತ್ರದವರು ತಪ್ಪು ಮಾಡಿರಲಿಲ್ಲ. 2010ರಲ್ಲಿ ಇದೇ ಎಳೆಯನ್ನು ಹಿಡಿದು, ಹಾಯಿಹಡಗಿನ ಅರ್ಥಕ್ಕೂ ಉಗಿಹಡಗಿನ ಅರ್ಥಕ್ಕೂ ಗೊಂದಲವಾಗಿ ಚುಕ್ಕಾಣಿಯವನು ತಪ್ಪು ಕಡೆಗೆ ತಿರುಗಿಸಿದನೆಂಬ ವಾದವೂ ಹೊರಟಿತು. ಕೇಳಲು ರೋಚಕವಾಗಿದೆ. ಆದರೆ 1912ರ ವಿಚಾರಣೆಯಲ್ಲಿ ಹಿಚೆನ್ಸ್ ತಾನು ಅಪ್ಪಣೆಯಂತೆ ಮಾಡಿದೆನೆಂದೇ ಸಾಕ್ಷ್ಯ ನುಡಿದಿದ್ದಾನೆ. ಆಗಿನ ಬ್ರಿಟಿಷ್ ಉಗಿಹಡಗುಗಳಲ್ಲಿಯೂ ಅಪ್ಪಣೆಯ ಅರ್ಥ ಹಾಯಿಹಡಗಿನಲ್ಲಿ ಇದ್ದದ್ದೇ. ಎರಡು ಅರ್ಥಗಳ ಗೊಂದಲಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಸತ್ತವನ ಮೇಲೆ ತಪ್ಪು ಹೊರಿಸುವುದು ಸುಲಭ. ಈ ಸಂದರ್ಭದಲ್ಲಿ ನ್ಯಾಯವಲ್ಲ.

ಹಾಗಾದರೆ ಅಪಾಯವೇ ಇರಲಿಲ್ಲವೆ? ಇತ್ತು, ಬೇರೆ ಕಡೆ ಇತ್ತು. ಎಲ್ಲ ದೇಶಗಳ ರೂಢಿ ಒಂದೇ ಆಗಿರಲಿಲ್ಲ. ಕೆಲವರು ಮೊದಲೇ ಹಳೆಯದನ್ನು ಬಿಟ್ಟು, ಹೇಳಿದ ಕಡೆಗೇ ಹಡಗು ತಿರುಗಬೇಕೆಂದು ಮಾಡಿಕೊಂಡಿದ್ದರು. ಅಮೆರಿಕದ ನೌಕಾದಳವು 1913ರಲ್ಲಿ ಚುಕ್ಕಾಣಿಯ ಅಪ್ಪಣೆಗೆ ಸರಳವಾಗಿ ರೈಟ್, ಲೆಫ್ಟ್ ಎಂದೇ ಇಟ್ಟುಕೊಂಡಿತು. ಬಂದರಿನ ಬಾಯಲ್ಲಿ ಹಡಗಿಗೆ ದಾರಿ ತೋರಿಸಲು ಸ್ಥಳದ ಮಾರ್ಗದರ್ಶಕನೊಬ್ಬ ಹತ್ತುತ್ತಾನೆ. ಅವನ ದೇಶದಲ್ಲಿ ಸ್ಟಾರ್‌ಬೋರ್ಡ್ ಎಂದರೆ ಬಲ, ಹಡಗಿನವರ ದೇಶದಲ್ಲಿ ಎಡ ಎಂದಾದರೆ ಏನು ಗತಿ? ಸಮುದ್ರದಲ್ಲಿ ಜೀವರಕ್ಷಣೆಯ ವಿಚಾರವಾಗಿ 1929ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಇದನ್ನು ಇತ್ಯರ್ಥ ಮಾಡಿತು. ಅದಕ್ಕೆ ಅನುಸಾರವಾಗಿ ಬ್ರಿಟನ್ 1932ರಲ್ಲಿ ಕಾನೂನು ಮಾಡಿ, 1933ರಿಂದ ಜಾರಿಗೆ ತಂದಿತು: ಹಡಗಿನ ಮೂತಿ ಬಲಕ್ಕೆ ತಿರುಗಬೇಕೆಂದು ಉದ್ದೇಶವಿದ್ದಾಗ ಮಾತ್ರ ಸ್ಟಾರ್‌ಬೋರ್ಡ್ ಎನ್ನತಕ್ಕದ್ದು. ಮೂವತ್ತು ವರ್ಷ ಒಂದು ಮಾತಿಗೆ ಎಡಕ್ಕೆ ತಿರುಗಿಸಿದ ಕೈ, ಹೊಸ ವರ್ಷದ ಬೆಳಗ್ಗೆಯಿಂದ ಅದೇ ಮಾತಿಗೆ ಬಲಕ್ಕೆ ತಿರುಗಿಸಬೇಕಾಯಿತು. ಆ ಕೆಲವು ತಿಂಗಳು ಚುಕ್ಕಾಣಿಯವರಿಗೆ ನಿದ್ದೆ ಹೇಗೆ ಬಂದಿತೋ!

ಇಂದಿನ ಪದ್ಧತಿಯಲ್ಲಿ ಅಪ್ಪಣೆಯನ್ನು ಕೇಳಿದವನು ಅದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಆಮೇಲೆ ಚಕ್ರ ತಿರುಗಿಸಬೇಕು. ತಿರುಗಿಸಿದ ಮೇಲೆ ಮತ್ತೊಮ್ಮೆ ಹೇಳಬೇಕು. ಅಂತರರಾಷ್ಟ್ರೀಯ ನೌಕಾ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ನುಡಿಗಟ್ಟುಗಳ ಪಟ್ಟಿಯಲ್ಲಿ ಈ ಅಪ್ಪಣೆಗಳು ಹೀಗೆಯೇ ಇರಬೇಕೆಂದು ಗೊತ್ತುಮಾಡಿದ್ದಾರೆ. ಏಕೆಂದರೆ ಈಗಿನ ಹಡಗಿನಲ್ಲಿ ಕಪ್ತಾನ ಒಂದು ದೇಶದವನು, ಚುಕ್ಕಾಣಿಯವನು ಇನ್ನೊಂದು ದೇಶದವನು, ಮಾತು ಮಾತ್ರ ಇಬ್ಬರದೂ ಅಲ್ಲದ ಇಂಗ್ಲಿಷು. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರಯಾಣಿಕರ ಹಡಗು ಬಂಡೆಗೆ ತಗಲಿ 32 ಜನ ಸತ್ತಾಗ, ಕೊನೆಯ ಗಳಿಗೆಯಲ್ಲಿ ಚುಕ್ಕಾಣಿಯವನು ಕೆಲವು ಸೆಕೆಂಡು ತಪ್ಪು ಕಡೆಗೆ ತಿರುಗಿಸಿದ್ದುದು ತನಿಖೆಯಲ್ಲಿ ತಿಳಿದುಬಂತು. ಹಾಗೆ ಆಗದಿದ್ದರೂ ಬಂಡೆ ತಪ್ಪುತ್ತಿರಲಿಲ್ಲವೆಂದು ತಜ್ಞರು ಹೇಳಿದರು. ಆದರೂ ಎಡಬಲದ ತೊಡಕು ಹಳೆಯ ಕಾಲಕ್ಕೇ ಮುಗಿದುಹೋಯಿತೆಂದು ಯಾರೂ ತಿಳಿಯುವಂತಿಲ್ಲ.

ಮಾತು ಕೇಳಿಸದ ದೂರದಲ್ಲಿ ದೀಪಗಳು ಮಾತನಾಡುತ್ತವೆ. ಹಡಗಿನ ಸ್ಟಾರ್‌ಬೋರ್ಡ್ ಮಗ್ಗುಲಿಗೆ ಹಸಿರು ದೀಪ, ಪೋರ್ಟ್ ಮಗ್ಗುಲಿಗೆ ಕೆಂಪು ದೀಪ. ಪೋರ್ಟ್ ಎಂಬ ಹೆಸರಿನ ದ್ರಾಕ್ಷಾಮದ್ಯದ ಬಣ್ಣ ಕೆಂಪು ಎಂದು ಇಂಗ್ಲಿಷರು ಇದನ್ನು ನೆನಪಿಟ್ಟುಕೊಳ್ಳುತ್ತಾರೆ. ನಮಗೆ ಬೇರೆ ಗುರುತು ಬೇಕಾದೀತು. ಎರಡು ಯಂತ್ರದ ಹಡಗುಗಳು ರಾತ್ರಿಯಲ್ಲಿ ಅಡ್ಡಹಾಯುವಾಗ, ಯಾವುದಕ್ಕೆ ಇನ್ನೊಂದು ತನ್ನ ಸ್ಟಾರ್‌ಬೋರ್ಡ್ ಕಡೆ ಕಾಣುತ್ತದೋ ಅದು ದಾರಿ ಬಿಡಬೇಕು. ಅಂಥ ಹಡಗಿನಿಂದ ನೋಡಿದರೆ ಎದುರಿನದರ ಕೆಂಪು ದೀಪ ಕಾಣುತ್ತದೆ. ದಾರಿ ಪಡೆಯುವ ಹಡಗಿಗೆ ಹಸಿರು ಕಾಣುತ್ತದೆ. ನಮ್ಮ ಚೌಕದ ದೀಪಗಳ ಹಾಗೆಯೇ ಆಯಿತು. ನೇರವಾಗಿ ಎದುರುಬದುರಾದರೆ ಎರಡೂ ಸ್ಟಾರ್‌ಬೋರ್ಡಿಗೆ ತಿರುಗಬೇಕು. ಅಂದರೆ ರಸ್ತೆಯಲ್ಲಿ ಎಡಕ್ಕೆ ಸರಿಯುವ ನಾವು ಸಮುದ್ರಕ್ಕೆ ಇಳಿದರೆ ಬಲಕ್ಕೆ ಸರಿಯಬೇಕು. ತಿರುಗುತ್ತಿದ್ದೇನೆಂದು ತಿಳಿಸಲು ಸ್ಟಾರ್‌ಬೋರ್ಡಿಗೆ ಒಂದು ಗಿಡ್ಡ ಸಿಳ್ಳು, ಪೋರ್ಟಿಗೆ ಎರಡು. ಇವೆಲ್ಲ 1972ರಲ್ಲಿ ಒಪ್ಪಿ 1977ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳು.

ಈ ಮಾತುಗಳ ಜೊತೆಗೆ ಹಿಂದೂದೇಶದ ಹೆಸರು ಸೇರಿದ ಒಂದು ಕಟ್ಟುಕಥೆಯನ್ನೂ ಹೇಳಬೇಕು. ಠೀವಿಯ, ಸಿರಿವಂತಿಕೆಯ ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ 'ಪಾಷ್' ಎಂಬ ಮಾತಿದೆ. ನಮ್ಮ ಪಟ್ಟಣಗಳಲ್ಲೂ 'ಪಾಷ್ ಬಡಾವಣೆ' ಎನ್ನುತ್ತಾರೆ. ಇಂಗ್ಲೆಂಡಿನಿಂದ ಮುಂಬಯಿಗೆ ಬರುವ ದೊರೆಗಳು ಬಿಸಿಲು ತಪ್ಪಿಸಿಕೊಳ್ಳಲು ಬರುವಾಗ ಪೋರ್ಟ್ ಮಗ್ಗುಲಿನ ಕೋಣೆ, ಹೋಗುವಾಗ ಸ್ಟಾರ್‌ಬೋರ್ಡ್ ಮಗ್ಗುಲಿನ ಕೋಣೆ ಹಿಡಿಯುತ್ತಿದ್ದರಂತೆ. ಹೋಗುವಾಗಲೂ ಬರುವಾಗಲೂ ಬಡಗಣ ಮಗ್ಗುಲು ಅವರಿಗೆ. ಪಿ ಅಂಡ್ ಓ ಕಂಪೆನಿಯ ಟಿಕೆಟ್ಟಿನ ಮೇಲೆ ಅದರ ಮೊದಲಕ್ಷರಗಳನ್ನು ಒತ್ತುತ್ತಿದ್ದರು, ಅದೇ 'ಪಾಷ್' ಆಯಿತು ಎಂದು ಕಥೆ. ಅಂಥ ಒಂದು ಟಿಕೆಟ್ಟೂ ಇದುವರೆಗೆ ಸಿಕ್ಕಿಲ್ಲ. ಮಾತು ಮೊದಲನೆಯ ಮಹಾಯುದ್ಧದ ಹೊತ್ತಿಗಾಗಲೇ ಬಳಕೆಯಲ್ಲಿತ್ತು. ಕಥೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಅದಕ್ಕಿಂತ ಬಹಳ ತಡವಾಗಿ. ನಿಘಂಟುಕಾರರು ಇದನ್ನು ಒಪ್ಪುವುದಿಲ್ಲ. ಆದರೂ ಇದು ಸಾಯುವ ಜಾತಿಯ ಕಥೆಯಲ್ಲ.

ಕನ್ನಡದಲ್ಲಿ ಇದನ್ನು ಹೇಗೆ ಬರೆಯಬೇಕು? ಪತ್ರಿಕೆಗಳಿಗೆ ಹಡಗಿನ ಸುದ್ದಿ ಬಂದಾಗ 'ಬಲಗಡೆ' ಎಂದಷ್ಟೇ ಬರೆದರೆ ಸಾಲದು. ಯಾರ ಬಲ ಎಂಬ ಪ್ರಶ್ನೆ ಉಳಿದುಬಿಡುತ್ತದೆ. 'ಹಡಗಿನ ಬಲಮಗ್ಗುಲು' ಎಂದರೆ ಸರಿಹೋಗುತ್ತದೆ. ನದಿಗೆ ಎಡದಂಡೆ, ಬಲದಂಡೆ ಎಂದು ಒಪ್ಪವಾಗಿ ಹೇಳಬಲ್ಲ ಭಾಷೆಗೆ ಹಡಗಿಗೆ ಹೇಳುವುದು ಕಷ್ಟವಲ್ಲ. ಹೊಸ ಸಂಸ್ಕೃತ ಸಮಾಸವನ್ನು ಹೊಸೆಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ವಿಮಾನಗಳು ಬಂದಾಗ ಈ ವಾಡಿಕೆಗಳಲ್ಲಿ ಹಲವು ಅವುಗಳಿಗೂ ಹೋದವು. ವಿಮಾನದ ಎಡರೆಕ್ಕೆಯ ತುದಿಗೆ ಕೆಂಪು ದೀಪ, ಬಲರೆಕ್ಕೆಯ ತುದಿಗೆ ಹಸಿರು ದೀಪ, ಬಾಲಕ್ಕೆ ಬಿಳಿ. ರಾತ್ರಿ ಮಾಳಿಗೆಯ ಮೇಲೆ ಮಕ್ಕಳೊಡನೆ ಕುಳಿತಾಗ ಇದನ್ನು ನೋಡಬಹುದು. ತಗ್ಗಿನಲ್ಲಿ ಹಾರುವ ವಿಮಾನದ ಕೆಂಪು ದೀಪ ಮಾತ್ರ ಕಂಡರೆ ಅದು ನಿಮ್ಮ ಬಲದಿಂದ ಎಡಕ್ಕೆ ಹೋಗುತ್ತಿದೆ. ಹಸಿರು ಮಾತ್ರ ಕಂಡರೆ ಎಡದಿಂದ ಬಲಕ್ಕೆ. ಬಿಳಿ ಮಾತ್ರ ಕಂಡರೆ ನಿಮಗೆ ಬೆನ್ನುಹಾಕಿ ಹೊರಟಿದೆ. ಎರಡೂ ಬಣ್ಣ ಒಟ್ಟಿಗೆ, ಹಸಿರು ನಿಮ್ಮ ಎಡಕ್ಕೂ ಕೆಂಪು ನಿಮ್ಮ ಬಲಕ್ಕೂ ಕಂಡರೆ, ವಿಮಾನ ನಿಮ್ಮ ಮನೆಯ ಕಡೆಗೇ ಬರುತ್ತಿದೆ ಎಂದು ತಿಳಿಯಬಹುದು.